ಊರಿನ ಬೀದಿಯಲ್ಲೇ ಎಆರ್: ಡೆವಲಪರ್‌ಗಳಿಗೆ ಯಾವ ಯಾವ ದಾರಿ ಇದೆ, ಹೇಗೆ ಶುರು ಮಾಡಬೇಕು

ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಮೆಟ್ರೊ ನಿಲ್ದಾಣದ ಹತ್ತಿರ ಒಂದು ಕಲ್ಲಿನ ಹೆಬ್ಬಾಗಿಲು ಇದೆ. ಅದು ಬೆಂಗಳೂರು ಕೋಟೆಯ ಡೆಲ್ಲಿ ಗೇಟ್. 1761ರಲ್ಲಿ ಹೈದರ್ ಅಲಿ ಕಲ್ಲಿನಲ್ಲಿ ಕಟ್ಟಿಸಿದ ಕೋಟೆ ಮೊಟ್ಟೆಯಾಕಾರದಲ್ಲಿ ಈ ಪ್ರದೇಶವನ್ನೆಲ್ಲ ಸುತ್ತುವರಿದಿತ್ತು. 1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸ್‌ನ ಸೈನ್ಯ ಅದರೊಳಗೆ ನುಗ್ಗಿತು. ಈಗ ಉಳಿದಿರುವುದು ಹೆಬ್ಬಾಗಿಲು ಮತ್ತು ಒಂದೆರಡು ಕೊತ್ತಳ. ಮಿಕ್ಕ ಗೋಡೆ ನಿಂತಿದ್ದ ಜಾಗದಲ್ಲಿ ಬಸ್ಸು, ಆಟೋ ಓಡಾಡುತ್ತಿವೆ.

ರಸ್ತೆ ಬದಿಯಲ್ಲಿ ನಿಂತು ಫೋನ್ ಎತ್ತಿದರೆ ಆ ಗೋಡೆ ಹಿಂದೆ ಇದ್ದ ಕಡೆಯೇ ಕಾಣಬೇಕು. ಎಆರ್ (ಆಗ್ಮೆಂಟೆಡ್ ರಿಯಾಲಿಟಿ) ಎಂದರೆ ಕ್ಯಾಮೆರಾ ದೃಶ್ಯದ ಮೇಲೆ ಡಿಜಿಟಲ್ ವಸ್ತು ಕೂರಿಸಿ ತೋರಿಸುವುದು. ಜಾಗ ಆಧಾರಿತ ಎಆರ್ ಎಂದರೆ ಇದೇ. ಈ ಲೇಖನದಲ್ಲಿ ಈ ಕೋಟೆ ಗೋಡೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಇಂಥದ್ದನ್ನು ಮಾಡಲು ಡೆವಲಪರ್‌ಗೆ ಏನೇನು ಸಿಗುತ್ತದೆ, ಹೇಗೆ ಪಡೆಯಬೇಕು, ಎಲ್ಲಿ ಕೈಕೊಡುತ್ತದೆ ಎಂದು ನೋಡೋಣ. ನೀವು ಮೈಸೂರು ಅರಮನೆ ರಸ್ತೆಗೋ ನಿಮ್ಮೂರಿನ ತೇರು ಬೀದಿಗೋ ಮಾಡುತ್ತಿದ್ದರೂ ಕ್ರಮ ಇದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕ್ಷೇತ್ರದಲ್ಲಿ ನಾವೆಲ್ಲ ಬಾಡಿಗೆ ಮನೆಯಲ್ಲಿರುವವರು. ಮೈಕ್ರೋಸಾಫ್ಟ್‌ನ ಅಜೂರ್ ಸ್ಪೇಷಿಯಲ್ ಆ್ಯಂಕರ್ಸ್ (ಎಆರ್ ವಸ್ತುಗಳನ್ನು ನಿಜ ಜಾಗಕ್ಕೆ ಕಟ್ಟಿಡುವ ಸೇವೆ) 2024ರ ನವೆಂಬರ್ 20ಕ್ಕೆ ನಿಂತುಹೋಯಿತು. ಹೊರಗಿನವರು ಎಫೆಕ್ಟ್ ಮಾಡಲು ಬಳಸುತ್ತಿದ್ದ ಮೆಟಾ ಸ್ಪಾರ್ಕ್ 2025ರ ಜನವರಿ 14ಕ್ಕೆ ಮುಚ್ಚಿತು. ಬ್ರೌಸರ್ ಎಆರ್‌ನಲ್ಲಿ ದೊಡ್ಡ ಹೆಸರಾಗಿದ್ದ 8ನೇ ವಾಲ್, 2026ರ ಫೆಬ್ರವರಿ ಕೊನೆಗೆ ತನ್ನ ವೇದಿಕೆ ನಿಲ್ಲಿಸುವುದಾಗಿ ಹೇಳಿತು. ಹಾಗಾಗಿ 'ಯಾವುದು ಚೆನ್ನಾಗಿದೆ' ಎಂದು ಮಾತ್ರ ಕೇಳಿದರೆ ಸಾಲದು. 'ನಾಳೆ ಇದು ನಿಂತರೆ ನನ್ನ ಕೈಯಲ್ಲಿ ಏನು ಉಳಿಯುತ್ತದೆ' ಎಂದೂ ಕೇಳಿಕೊಳ್ಳಿ. ಮುಂದಿನ ಬಹುಪಾಲು ಸಲಹೆಗಳ ಹಿಂದೆ ಇರುವುದು ಈ ಪ್ರಶ್ನೆಯೇ.

ಹಂತ 1: ಎಷ್ಟು ನಿಖರತೆ ಬೇಕು ಎಂದು ತೀರ್ಮಾನಿಸಿ

ಫೋನಿನ ಜಿಪಿಎಸ್ ಬಯಲಿನಲ್ಲಿ ಸಾಮಾನ್ಯವಾಗಿ 5ರಿಂದ 10 ಮೀಟರ್ ತಪ್ಪುತ್ತದೆ. ಎತ್ತರದ ಕಟ್ಟಡಗಳ ನಡುವೆ ಇನ್ನೂ ಜಾಸ್ತಿ. ಇದಕ್ಕಿಂತ ದೊಡ್ಡ ತೊಂದರೆ ದಿಕ್ಕಿನದು. ಫೋನಿನ ದಿಕ್ಸೂಚಿ ಕಬ್ಬಿಣ, ವಾಹನ, ವಿದ್ಯುತ್ ತಂತಿ ಎಲ್ಲಕ್ಕೂ ಅಲುಗಾಡುತ್ತದೆ. ಲೆಕ್ಕ ಹಾಕಿ ನೋಡಿ: ದಿಕ್ಕು 5 ಡಿಗ್ರಿ ತಪ್ಪಿದರೆ 50 ಮೀಟರ್ ದೂರದ ವಸ್ತು ಸುಮಾರು 4.4 ಮೀಟರ್ ಪಕ್ಕಕ್ಕೆ ಸರಿಯುತ್ತದೆ. 10 ಮೀಟರ್ ದೂರದಲ್ಲಿದ್ದರೆ ಒಂದು ಮೀಟರಿಗಿಂತ ಕಡಿಮೆ. ಅಂದರೆ ದೂರದ ವಸ್ತುಗಳಿಗೆ ದಿಕ್ಕು ಮುಖ್ಯ, ಹತ್ತಿರದ ವಸ್ತುಗಳಿಗೆ ಜಾಗ ಮುಖ್ಯ.

ಹೀಗಾಗಿ ಮೊದಲು ಕಾಗದದ ಮೇಲೆ ಬರೆದುಕೊಳ್ಳಿ. 'ಕೋಟೆ ಇತ್ತ ಕಡೆ ಇತ್ತು' ಎಂದು ಗಾಳಿಯಲ್ಲಿ ತೇಲುವ ಬೋರ್ಡ್ ತೋರಿಸಿದರೆ ಸಾಕಾ? ಹಾಗಿದ್ದರೆ ಜಿಪಿಎಸ್ ಸಾಕು. ಗೋಡೆ ನೆಲಕ್ಕೆ ಕೂತು, ಈಗಿರುವ ಹೆಬ್ಬಾಗಿಲಿನ ಪಕ್ಕ ಸರಿಯಾಗಿ ಜೋಡಿಕೊಳ್ಳಬೇಕಾ? ಅದಕ್ಕೆ ವಿಪಿಎಸ್ (ವಿಷುಯಲ್ ಪೊಸಿಷನಿಂಗ್ ಸಿಸ್ಟಮ್) ಬೇಕು. ಇಲ್ಲಿ ಕ್ಯಾಮೆರಾ ಕಂಡ ದೃಶ್ಯವನ್ನು ಮೊದಲೇ ಸಂಗ್ರಹಿಸಿದ ಚಿತ್ರಗಳ ಜೊತೆ ಹೋಲಿಸಿ ಜಾಗ ಮತ್ತು ದಿಕ್ಕು ಕಂಡುಹಿಡಿಯುತ್ತಾರೆ. ಒಂದು ಕಲ್ಲಿನ ಮೇಲಿನ ಕೆತ್ತನೆಗೇ ಏನನ್ನಾದರೂ ಅಂಟಿಸಬೇಕಾ? ಆಗ ವಿಪಿಎಸ್ ಕೂಡ ಸಾಲುವುದಿಲ್ಲ. ಆ ಜಾಗವನ್ನು ನೀವೇ ಸ್ಕ್ಯಾನ್ ಮಾಡಬೇಕು.

ಸುಮ್ನೆ ಎಲ್ಲದಕ್ಕೂ ವಿಪಿಎಸ್ ಬೇಕು ಎಂದು ಹೊರಡಬೇಡಿ. ಎಷ್ಟೋ ಐಡಿಯಾಗಳಿಗೆ ತೇಲುವ ಬೋರ್ಡೇ ಚೆಂದ.

ಹಂತ 2: ಇರುವ ದಾರಿಗಳನ್ನು ತೂಗಿ ನೋಡಿ

ಗೂಗಲ್‌ನ ಎಆರ್‌ಕೋರ್ ಜಿಯೋಸ್ಪೇಷಿಯಲ್ ಎಪಿಐ 2022ರ ಮೇನಲ್ಲಿ ಬಂತು. ಎಆರ್‌ಕೋರ್ ಎಂದರೆ ಗೂಗಲ್‌ನ ಎಆರ್ ಕಿಟ್, ಎಪಿಐ ಎಂದರೆ ಆ್ಯಪ್ ಅದರ ಸೇವೆ ಕೇಳುವ ದಾರಿ. ಗೂಗಲ್ ಮ್ಯಾಪ್ಸ್‌ನಲ್ಲಿ ಬೀದಿಗಳನ್ನು ತೋರಿಸುವ ಸ್ಟ್ರೀಟ್ ವ್ಯೂ ಚಿತ್ರಗಳೇ ಅದರ ಬುನಾದಿ. ವಿಪಿಎಸ್ ಸಿಕ್ಕ ಕಡೆ ಜಾಗದ ತಪ್ಪು 5 ಮೀಟರಿಗಿಂತ ಕಡಿಮೆ, ಎಷ್ಟೋ ಬಾರಿ 1 ಮೀಟರ್ ಆಸುಪಾಸು. ದಿಕ್ಕಿನ ತಪ್ಪು 5 ಡಿಗ್ರಿಗಿಂತ ಕಡಿಮೆ. ಶುಲ್ಕವಿಲ್ಲ. ಆಂಡ್ರಾಯ್ಡ್, ಐಒಎಸ್, ಆಟ ಕಟ್ಟುವ ತಂತ್ರಾಂಶ ಯೂನಿಟಿ ಮೂರರಲ್ಲೂ ನಡೆಯುತ್ತದೆ. ನೀವು ಆ ಜಾಗಕ್ಕೆ ಹೋಗಿ ಸ್ಕ್ಯಾನ್ ಮಾಡಬೇಕಾಗಿಲ್ಲ, ಅದು ಇದರ ದೊಡ್ಡ ಲಾಭ. ಆದರೆ ಸ್ಟ್ರೀಟ್ ವ್ಯೂ ಕಾರು ಹೋಗದ ಕಡೆ ಇದೂ ಹೋಗುವುದಿಲ್ಲ. ಕಟ್ಟಡದ ಒಳಗೆ, ಅಂಗಳದಲ್ಲಿ, ಬೆಟ್ಟದ ಮೇಲೆ ಇದನ್ನು ನಂಬಬೇಡಿ.

ಆ್ಯಪಲ್‌ನ ಎಆರ್‌ಕಿಟ್‌ನಲ್ಲಿ 2020ರಿಂದ ಜಿಯೋ ಟ್ರ್ಯಾಕಿಂಗ್ ಇದೆ. ಎ12 ಅಥವಾ ಅದಕ್ಕಿಂತ ಹೊಸ ಚಿಪ್ ಬೇಕು, ಜಿಪಿಎಸ್ ಇರುವ ಸಾಧನ ಬೇಕು. ಅಮೆರಿಕದ ಕೆಲವು ನಗರಗಳಿಂದ ಶುರುವಾಗಿ ಲಂಡನ್‌ನಂಥ ಊರುಗಳಿಗೆ ಹಬ್ಬಿತು. ಆಯ್ದ ನಗರಗಳಲ್ಲಿ ಮಾತ್ರ ಕೆಲಸ ಮಾಡುತ್ತದೆ. ನೀವು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೂತು ಅಲ್ಲಿನವರಿಗೆ ಆ್ಯಪ್ ಮಾಡುತ್ತಿದ್ದರೆ ಇದು ಒಳ್ಳೆಯ ಆಯ್ಕೆ. ನಮ್ಮ ಕೋಟೆಗೆ ಐಫೋನ್‌ನಲ್ಲೂ ಎಆರ್‌ಕೋರ್‌ನ ಐಒಎಸ್ ಕಿಟ್ ಬಳಸುವುದೇ ಸಲೀಸು.

ನಯಾಂಟಿಕ್ ಕಥೆ ಸ್ವಲ್ಪ ಉದ್ದ. 2016ರಲ್ಲಿ ಪೋಕಿಮಾನ್ ಗೋ ತಂದ ಕಂಪನಿ ಇದು. ಆಟಗಾರರು ಫೋನಿನಲ್ಲಿ ಸ್ಕ್ಯಾನ್ ಮಾಡಿಕೊಟ್ಟ ಪ್ರತಿಮೆ, ಗೋಡೆಚಿತ್ರ, ಕಾರಂಜಿಗಳಿಂದ ಒಂದು ವಿಪಿಎಸ್ ಕಟ್ಟಿತು. 2022ರಲ್ಲಿ ಡೆವಲಪರ್‌ಗಳಿಗೆ ತೆರೆದಾಗ ಸ್ಯಾನ್ ಫ್ರಾನ್ಸಿಸ್ಕೋ, ಲಂಡನ್, ಟೋಕಿಯೊ ಸೇರಿ ಆರು ನಗರಗಳಲ್ಲಿ ಸುಮಾರು 30,000 ಜಾಗ ಇದ್ದವು. 2024ರ ಕೊನೆಗೆ ಅದು 10 ಲಕ್ಷ ದಾಟಿತು. 2025ರಲ್ಲಿ ಆಟಗಳನ್ನು 350 ಕೋಟಿ ಡಾಲರ್‌ಗೆ ಸ್ಕೋಪ್ಲಿ ಎಂಬ ಆಟದ ಕಂಪನಿಗೆ ಮಾರಿ, ನಕ್ಷೆ ತಂತ್ರಜ್ಞಾನವನ್ನು ನಯಾಂಟಿಕ್ ಸ್ಪೇಷಿಯಲ್ ಎಂಬ ಬೇರೆ ಕಂಪನಿ ಮಾಡಿದರು. ಬೀದಿಯ ಉದ್ದಕ್ಕೂ ಅಲ್ಲ, ಒಂದೊಂದು ಗುರುತಿನ ವಸ್ತುವಿನ ಸುತ್ತ ಇದು ಗೂಗಲ್‌ಗಿಂತ ಬಿಗಿಯಾಗಿ ಕೂರುತ್ತದೆ. ಕೋಟೆಯ ಹೆಬ್ಬಾಗಿಲಿನಂಥ ಜಾಗಕ್ಕೆ ಹೇಳಿ ಮಾಡಿಸಿದ ಹಾಗೆ. ಆದರೆ ಆ ಜಾಗದ ಸ್ಕ್ಯಾನ್ ಇರಬೇಕು, ಇಲ್ಲದಿದ್ದರೆ ನೀವೇ ಹೋಗಿ ಮಾಡಬೇಕು. ಕಂಪನಿಯ ದಿಕ್ಕು 2025ರಲ್ಲಿ ಬದಲಾಗಿದೆ. ಹಾಗಾಗಿ ಕೀ (ಸೇವೆ ಬಳಸಲು ಕೊಡುವ ಗುಪ್ತ ಸಂಕೇತ) ತೆಗೆದುಕೊಳ್ಳುವ ಮುಂಚೆ ಈಗಿನ ದರ ಮತ್ತು ಷರತ್ತು ಓದಿ.

ಸ್ನ್ಯಾಪ್‌ನ ಲೆನ್ಸ್ ಸ್ಟುಡಿಯೋ ಉಚಿತ. ಅದರಲ್ಲಿ ನೀವೇ ಸ್ಕ್ಯಾನ್ ಮಾಡಿದ ಜಾಗಕ್ಕೆ ಲೆನ್ಸ್ (ಎಆರ್ ಎಫೆಕ್ಟ್) ಮಾಡಬಹುದು. ಜನ ಸ್ನ್ಯಾಪ್‌ಚಾಟ್ ಒಳಗೇ ನೋಡಬೇಕು, ನಿಮ್ಮ ಆ್ಯಪ್ ಅಲ್ಲ. ಕಾಲೇಜು ಹಬ್ಬಕ್ಕೆ ಒಳ್ಳೆಯದು, ಹತ್ತು ವರ್ಷ ಉಳಿಯಬೇಕಾದ ಪರಂಪರೆ ನಡಿಗೆಗೆ ಅಲ್ಲ.

ಕೊನೆಯದು ಎಆರ್ ಡಾಟ್ ಜೆಎಸ್ ಎಂಬ ಮುಕ್ತ ಲೈಬ್ರರಿ. ಬ್ರೌಸರ್‌ನಲ್ಲೇ ಓಡುತ್ತದೆ, ಆ್ಯಪ್ ಹಾಕಿಕೊಳ್ಳಬೇಕಿಲ್ಲ, ಕೀ ಬೇಡ, ಯಾರ ಅಪ್ಪಣೆಯೂ ಬೇಡ. ಅದರ ಜಾಗ ಆಧಾರಿತ ಎಆರ್ ಬರೀ ಜಿಪಿಎಸ್ ಮತ್ತು ದಿಕ್ಸೂಚಿ ಮೇಲೆ ನಿಂತಿದೆ. ಹಾಗಾಗಿ ತೇಲುವ ಬೋರ್ಡ್ ಮಟ್ಟಕ್ಕೆ ಸರಿ. ಪುಟ ಎಚ್‌ಟಿಟಿಪಿಎಸ್‌ನಲ್ಲೇ ಇರಬೇಕು, ಇಲ್ಲದಿದ್ದರೆ ಬ್ರೌಸರ್ ಕ್ಯಾಮೆರಾ ಕೊಡುವುದಿಲ್ಲ. ಐಫೋನ್‌ನಲ್ಲಿ ಚಲನೆಯ ಸೆನ್ಸರ್‌ಗೆ ಬೇರೆಯಾಗಿ ಅನುಮತಿ ಕೇಳಬೇಕು. ಅದನ್ನೂ ಬಳಕೆದಾರರು ಒಂದು ಬಟನ್ ಒತ್ತಿದ ಮೇಲೆಯೇ ಕೇಳಬೇಕು. ತೆರೆದ ತಕ್ಷಣ ಕೇಳಿದರೆ ಕೆಲಸ ಆಗುವುದಿಲ್ಲ.

ನನ್ನ ಮಾತು ಕೇಳಿದರೆ: ಭಾರತದ ನಗರದ ಬೀದಿಗೆ ಎಆರ್‌ಕೋರ್‌ನಿಂದ ಶುರು ಮಾಡಿ, ಪಕ್ಕದಲ್ಲಿ ಎಆರ್ ಡಾಟ್ ಜೆಎಸ್‌ನ ಒಂದು ಸರಳ ಪುಟ ಇಟ್ಟುಕೊಳ್ಳಿ. ಎರಡಕ್ಕೂ ಡೇಟಾ ಒಂದೇ ಇರಲಿ. ಮುಂದಿನ ಹಂತಗಳು ಈ ದಾರಿಯಲ್ಲೇ ಹೋಗುತ್ತವೆ.

ಹಂತ 3: ಕೋಡ್ ಬರೆಯುವ ಮುಂಚೆ ವ್ಯಾಪ್ತಿ ನೋಡಿ

ಭಾರತದಲ್ಲಿ ಸ್ಟ್ರೀಟ್ ವ್ಯೂ ಮತ್ತೆ ಬಂದಿದ್ದು 2022ರ ಜುಲೈನಲ್ಲಿ, ಜೆನೆಸಿಸ್ ಇಂಟರ್‌ನ್ಯಾಷನಲ್ ಮತ್ತು ಟೆಕ್ ಮಹೀಂದ್ರಾ ಜೊತೆ ಸೇರಿ. 2021ರ ಫೆಬ್ರವರಿ 15ರ ಭೂಸ್ಥಳ ಡೇಟಾ ಮಾರ್ಗಸೂಚಿ ಇದಕ್ಕೆ ಕಾರಣ. ಅದರ ಪ್ರಕಾರ ಬೀದಿ ಮಟ್ಟದ ಚಿತ್ರ ಸರ್ವೆ ಮಾಡುವ ಹಕ್ಕು ಭಾರತೀಯ ಸಂಸ್ಥೆಗಳಿಗೆ ಮಾತ್ರ. ವಿದೇಶಿ ಕಂಪನಿಗಳು ಅವರಿಂದ ಪರವಾನಗಿ ಪಡೆದು ಬಳಸಬೇಕು. ಅಡ್ಡಡ್ಡ 1 ಮೀಟರ್, ಎತ್ತರದಲ್ಲಿ 3 ಮೀಟರ್ ಎಂಬ ಮಿತಿಗಿಂತ ನಿಖರವಾದ ಡೇಟಾಕ್ಕೂ ಇಂಥದ್ದೇ ನಿರ್ಬಂಧ ಇದೆ.

ಹಾಗಾಗಿ ನಕ್ಷೆಯಲ್ಲಿ ಸ್ಟ್ರೀಟ್ ವ್ಯೂ ಕಂಡ ಮಾತ್ರಕ್ಕೆ ಅಲ್ಲಿ ವಿಪಿಎಸ್ ಇದೆ ಎಂದುಕೊಳ್ಳಬೇಡಿ. ಊಹೆಯೂ ಬೇಡ, ಎಪಿಐಯನ್ನೇ ಕೇಳಿ. 'ಚೆಕ್ ವಿಪಿಎಸ್ ಅವೈಲಬಿಲಿಟಿ' ಎಂಬ ಕರೆ ಇದೆ. ಅಕ್ಷಾಂಶ, ರೇಖಾಂಶ ಕೊಟ್ಟರೆ ಆ ಜಾಗದಲ್ಲಿ ವಿಪಿಎಸ್ ಸಿಗುತ್ತದೋ ಇಲ್ಲವೋ ಹೇಳುತ್ತದೆ. ಅಲ್ಲಿಗೆ ಹೋಗಬೇಕಾಗಿಲ್ಲ, ಮನೆಯಲ್ಲೇ ಕೂತು ಕೇಳಬಹುದು. ಕೋಟೆಯ ಸುತ್ತ ಪ್ರತಿ 20 ಮೀಟರಿಗೆ ಒಂದು ಬಿಂದು ಹಾಕಿ, ಒಂದೊಂದಕ್ಕೂ ಉತ್ತರ ಪಡೆದು ನಕ್ಷೆಯ ಮೇಲೆ ಹಸಿರು, ಕೆಂಪು ಬಣ್ಣ ಹಚ್ಚಿ. ಜನ ಎಲ್ಲಿ ನಿಂತು ನೋಡಬೇಕು ಎಂಬುದನ್ನು ಈ ಚಿತ್ರವೇ ಹೇಳುತ್ತದೆ.

ಬಹುಪಾಲು ಕೆಂಪೇ ಬಂದರೆ ಯೋಜನೆ ಕೈಬಿಡಬೇಕಿಲ್ಲ. ವಿಪಿಎಸ್ ಇಲ್ಲದ ಕಡೆ ಇದೇ ಎಪಿಐ ಜಿಪಿಎಸ್ ಮಟ್ಟಕ್ಕೆ ಇಳಿದು ಕೆಲಸ ಮಾಡುತ್ತದೆ. ಅಂಥ ಕಡೆ ಗೋಡೆಯ ಬದಲು ಬೋರ್ಡ್ ತೋರಿಸಿ. ಇಲ್ಲವೇ ಹಂತ 7ಕ್ಕೆ ಹೋಗಿ.

ಹಂತ 4: ಪ್ರವೇಶ ಪಡೆಯಿರಿ

ಗೂಗಲ್ ಕ್ಲೌಡ್ ಕನ್ಸೋಲ್‌ನಲ್ಲಿ ಹೊಸ ಪ್ರಾಜೆಕ್ಟ್ ಮಾಡಿ, ಲೈಬ್ರರಿಯಲ್ಲಿ ಎಆರ್‌ಕೋರ್ ಎಪಿಐ ಹುಡುಕಿ ಆನ್ ಮಾಡಿ. ಇನ್ನು ದೃಢೀಕರಣ. ಎರಡು ದಾರಿ ಇವೆ. ಒಂದು ಎಪಿಐ ಕೀ. ಇದು ಬೇಗ ಆಗುತ್ತದೆ, ಆದರೆ ಆ್ಯಪ್ ಬಿಚ್ಚಿದವರ ಕೈಗೆ ಸಿಗುತ್ತದೆ. ಇನ್ನೊಂದು ಕೀ ಇಲ್ಲದ ವಿಧಾನ. ಆಂಡ್ರಾಯ್ಡ್‌ನಲ್ಲಿ ಓಆತ್ ಕ್ಲೈಂಟ್ ಐಡಿ (ನಿಮ್ಮ ಆ್ಯಪ್ ಯಾವುದೆಂದು ಗೂಗಲ್‌ಗೆ ತಿಳಿಸುವ ಗುರುತು) ಮಾಡಿ, ಅದಕ್ಕೆ ನಿಮ್ಮ ಪ್ಯಾಕೇಜ್ ಹೆಸರು ಮತ್ತು ಸಹಿ ಮಾಡುವ ಕೀಯ ಎಸ್‌ಎಚ್‌ಎ-1 ಗುರುತು ಕೊಡುತ್ತೀರಿ. ಐಒಎಸ್‌ನಲ್ಲಿ ನಿಮ್ಮ ಸರ್ವರ್ ಟೋಕನ್ ಸಹಿ ಮಾಡಿಕೊಡಬೇಕು.

ಆಂಡ್ರಾಯ್ಡ್‌ಗೆ ಮೊದಲ ದಿನದಿಂದಲೇ ಕೀ ಇಲ್ಲದ ವಿಧಾನ ಹಿಡಿಯಿರಿ. ಇಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮಾಡಿದ ಡೀಬಗ್ ಬಿಲ್ಡ್ ಒಂದು ಕೀಯಿಂದ ಸಹಿ ಆಗುತ್ತದೆ. ಪ್ಲೇ ಸ್ಟೋರ್‌ಗೆ ಹಾಕಿದ ಮೇಲೆ ಗೂಗಲ್ ತನ್ನ ಬಳಿಯ ಬೇರೆ ಕೀಯಿಂದ ಸಹಿ ಮಾಡುತ್ತದೆ. ಎಸ್‌ಎಚ್‌ಎ-1 ಬೇರೆಯಾಗುತ್ತದೆ. ಆಗ ನಿಮ್ಮ ಮೇಜಿನ ಮೇಲೆ ಚೆನ್ನಾಗಿ ಓಡಿದ ಆ್ಯಪ್ ಸ್ಟೋರ್‌ನಿಂದ ಇಳಿಸಿದವರಿಗೆ 'ಅನುಮತಿ ಇಲ್ಲ' ಎನ್ನುತ್ತದೆ. ಪ್ಲೇ ಕನ್ಸೋಲ್‌ನ ಆ್ಯಪ್ ಸೈನಿಂಗ್ ಪುಟದಲ್ಲಿರುವ ಎಸ್‌ಎಚ್‌ಎ-1ಗೂ ಇನ್ನೊಂದು ಕ್ಲೈಂಟ್ ಐಡಿ ಮಾಡಿಬಿಡಿ.

ಆ್ಯಪ್‌ಗೆ ಇಂಟರ್ನೆಟ್, ಕ್ಯಾಮೆರಾ, ನಿಖರ ಸ್ಥಳ ಈ ಮೂರು ಅನುಮತಿ ಬೇಕು. ಆಂಡ್ರಾಯ್ಡ್ 12ರಿಂದ ಬಳಕೆದಾರರು 'ಅಂದಾಜು ಸ್ಥಳ' ಮಾತ್ರ ಕೊಡಬಹುದು. ಅದು ಬಂದರೆ ಜಿಯೋಸ್ಪೇಷಿಯಲ್ ನಡೆಯುವುದಿಲ್ಲ. ಯಾಕೆ ನಿಖರ ಸ್ಥಳ ಬೇಕು ಎಂದು ಕನ್ನಡದಲ್ಲಿ ಒಂದು ಸಾಲು ಬರೆದು, ಆಮೇಲೆ ಕೇಳಿ. ಪ್ಲೇ ಸರ್ವಿಸಸ್‌ನ ಲೊಕೇಶನ್ ಲೈಬ್ರರಿ ಸೇರಿಸುವುದನ್ನೂ ಮರೆಯಬೇಡಿ. ಅದಿಲ್ಲದಿದ್ದರೆ ಸೆಷನ್ ಶುರುವಾಗದೆ ದೋಷ ಬರುತ್ತದೆ.

ಯೂನಿಟಿ ಬಳಸುವವರು ಎಆರ್ ಫೌಂಡೇಶನ್ ಮೇಲೆ ಎಆರ್‌ಕೋರ್ ಎಕ್ಸ್‌ಟೆನ್ಶನ್ಸ್ ಹಾಕಿಕೊಂಡರೆ ಎರಡೂ ಫೋನಿಗೆ ಒಂದೇ ಕೋಡ್ ಸಾಕು. ಯೂನಿಟಿ 6ರಿಂದ ವರ್ಷಕ್ಕೆ 2 ಲಕ್ಷ ಡಾಲರ್‌ವರೆಗಿನ ಆದಾಯ ಇರುವವರಿಗೆ ಪರ್ಸನಲ್ ಆವೃತ್ತಿ ಉಚಿತ.

ಹಂತ 5: ಗೋಡೆಯನ್ನು ನಕ್ಷೆಯ ಮೇಲೆ ತನ್ನಿ

ಕೋಡಿಗಿಂತ ಈ ಹಂತಕ್ಕೆ ಜಾಸ್ತಿ ಸಮಯ ಕೊಡಿ. ನೋಡುವವರಿಗೆ ಕಾಣುವುದು ಇದೇ ತಾನೆ.

1791ರ ಮುತ್ತಿಗೆಯ ವೇಳೆ ಇಂಗ್ಲಿಷ್ ಸೈನ್ಯದವರು ಬರೆದ ಕೋಟೆಯ ನಕ್ಷೆಗಳು ಉಳಿದಿವೆ. ಅಂಥ ಒಂದು ನಕ್ಷೆಯ ಚಿತ್ರವನ್ನು ಕ್ಯುಜಿಐಎಸ್ ಎಂಬ ಉಚಿತ ತಂತ್ರಾಂಶದ ಜಿಯೋರೆಫರೆನ್ಸರ್‌ನಲ್ಲಿ (ಹಳೆಯ ನಕ್ಷೆಯನ್ನು ಇಂದಿನ ನಕ್ಷೆಗೆ ಹೊಂದಿಸುವ ಸಾಧನ) ತೆರೆಯಿರಿ. ಹಳೆಯ ನಕ್ಷೆಯಲ್ಲೂ ಇದ್ದು ಇಂದೂ ನಿಂತಿರುವ ಕಟ್ಟಡಗಳನ್ನು ಗುರುತು ಮಾಡಿ: ಡೆಲ್ಲಿ ಗೇಟ್, ಕೋಟೆ ವೆಂಕಟರಮಣ ದೇವಸ್ಥಾನ, ಟಿಪ್ಪುವಿನ ಬೇಸಿಗೆ ಅರಮನೆ. ಕಡಿಮೆ ಎಂದರೆ ಮೂರು ಬಿಂದು ಬೇಕು. ಆರೇಳು ಸಿಕ್ಕರೆ ನಕ್ಷೆ ಎಲ್ಲಿ ಸೊಟ್ಟಗಿದೆ ಎಂಬುದೂ ಗೊತ್ತಾಗುತ್ತದೆ. ಯುದ್ಧದ ನಡುವೆ ಬರೆದ ನಕ್ಷೆ ಅದು, ಇಂಚಿಂಚೂ ಸರಿ ಇರುತ್ತದೆ ಎಂದು ನಿರೀಕ್ಷಿಸಬಾರದು ಅಲ್ವಾ? ಕೂಡಿಸಿದ ಮೇಲೆ ಗೋಡೆಯ ಗೆರೆ ಎಳೆದು, ತಿರುವು ಬಂದ ಕಡೆಯೆಲ್ಲ ಒಂದೊಂದು ಬಿಂದು ಇಟ್ಟು ಜಿಯೋಜೇಸನ್ (ನಕ್ಷೆಯ ಬಿಂದು, ಗೆರೆಗಳನ್ನು ಬರೆದಿಡುವ ಮುಕ್ತ ಮಾದರಿ) ಫೈಲಾಗಿ ಉಳಿಸಿ.

ಎಲ್ಲ ವೇದಿಕೆ ಮುಚ್ಚಿದರೂ ನಿಮ್ಮ ಬಳಿ ಉಳಿಯುವುದು ಈ ಫೈಲ್. ಇದರಲ್ಲಿ ಗೂಗಲ್ ಹೆಸರಾಗಲಿ ಬೇರೆಯವರ ಆ್ಯಂಕರ್ (ಡಿಜಿಟಲ್ ವಸ್ತುವನ್ನು ನಿಜ ಜಾಗಕ್ಕೆ ಕಟ್ಟುವ ಬಿಂದು) ಐಡಿಯಾಗಲಿ ಇರಬಾರದು. ಅಕ್ಷಾಂಶ, ರೇಖಾಂಶ, ನೆಲದಿಂದ ಎತ್ತರ, ದಿಕ್ಕು, ಮಾದರಿಯ ಫೈಲ್ ಹೆಸರು, ಕನ್ನಡ ವಿವರಣೆ ಇಷ್ಟು ಸಾಕು. ಅಕ್ಷಾಂಶ ರೇಖಾಂಶಗಳನ್ನು ದಶಮಾಂಶದ ನಂತರ 6 ಅಂಕಿವರೆಗೆ ಇಡಿ. 5ನೇ ಅಂಕಿ ಎಂದರೆ ಸುಮಾರು 1.1 ಮೀಟರ್, 6ನೆಯದು ಸುಮಾರು 11 ಸೆಂಟಿಮೀಟರ್. 12 ಅಂಕಿ ಬರೆದರೆ ನಿಖರತೆ ಬಂದ ಹಾಗೆ ಕಾಣುತ್ತದೆ ಅಷ್ಟೇ.

ಜಿಯೋಜೇಸನ್‌ನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಎಆರ್‌ಕೋರ್‌ನಲ್ಲಿ ಇದು ಉಲ್ಟಾ. ಅದಲುಬದಲು ಮಾಡಿದರೆ ಬೆಂಗಳೂರು ಕೋಟೆ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪದ ಪಕ್ಕದ ಸಮುದ್ರದಲ್ಲಿ ಹೋಗಿ ನಿಲ್ಲುತ್ತದೆ. ಪರದೆ ಖಾಲಿ ಇದ್ದರೆ ಮೊದಲು ನೋಡಬೇಕಾದ್ದು ಇದನ್ನೇ.

ಇನ್ನೊಂದು ಮೋಸ ಎತ್ತರದ್ದು, ದಕ್ಷಿಣ ಭಾರತದವರಿಗೆ ವಿಶೇಷವಾಗಿ. ನಕ್ಷೆಗಳಲ್ಲಿ ಇರುವುದು ಸಮುದ್ರ ಮಟ್ಟದಿಂದ ಎತ್ತರ. ಎಆರ್‌ಕೋರ್ ಬಳಸುವುದು ಡಬ್ಲ್ಯುಜಿಎಸ್ 84 ಎಂಬ ನಯವಾದ ಗೋಳದ ಮೇಲಿನ ಎತ್ತರ. ಭಾರತದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಗುರುತ್ವ ಕಡಿಮೆ ಇರುವ ಒಂದು ದೊಡ್ಡ ತಗ್ಗು ಇದೆ. ಅಲ್ಲಿ ಸಮುದ್ರ ಮಟ್ಟವೇ ಆ ಗೋಳಕ್ಕಿಂತ ಸುಮಾರು 106 ಮೀಟರ್ ಕೆಳಗಿದೆ. ಅದು ಹೇಗೆ ಉಂಟಾಯಿತು ಎಂಬುದರ ಬಗ್ಗೆ ನಮ್ಮ ಬೆಂಗಳೂರಿನ ಐಐಎಸ್‌ಸಿ ಸಂಶೋಧಕರೇ 2023ರಲ್ಲಿ ಒಂದು ವಿವರಣೆ ಪ್ರಕಟಿಸಿದರು. ಆ ತಗ್ಗಿನ ಅಂಚು ಬೆಂಗಳೂರಿಗೂ ಬರುತ್ತದೆ. ಇಲ್ಲಿ ವ್ಯತ್ಯಾಸ ಸುಮಾರು 86 ಮೀಟರ್. ನಕ್ಷೆಯಲ್ಲಿ 910 ಮೀಟರ್ ಎಂದಿದ್ದರೆ ಎಆರ್‌ಕೋರ್‌ಗೆ ಕೊಡಬೇಕಾದ್ದು ಸುಮಾರು 824. ನೇರವಾಗಿ 910 ಕೊಟ್ಟರೆ ಕೋಟೆ ಇಪ್ಪತ್ತೈದು ಮಹಡಿಗಿಂತ ಮೇಲೆ ಆಕಾಶದಲ್ಲಿ ತೇಲುತ್ತದೆ. ನೆಲದಲ್ಲಿ ನಿಂತು ನೋಡುವವರಿಗೆ ಏನೂ ಕಾಣುವುದಿಲ್ಲ, ಕೋಡ್‌ನಲ್ಲಿ ದೋಷವೂ ಬರುವುದಿಲ್ಲ.

ಇದರಿಂದ ಪಾರಾಗಲು ಸುಲಭ ಉಪಾಯ ಟೆರೇನ್ ಆ್ಯಂಕರ್. 'ಈ ಜಾಗದ ನೆಲದಿಂದ ಇಷ್ಟು ಮೀಟರ್ ಮೇಲೆ' ಎಂದರೆ ಸಾಕು, ನೆಲದ ಎತ್ತರವನ್ನು ಗೂಗಲ್ ಸರ್ವರ್ ನೋಡಿಕೊಳ್ಳುತ್ತದೆ. ಕಟ್ಟಡದ ಮೇಲೆ ಇಡಲು ರೂಫ್‌ಟಾಪ್ ಆ್ಯಂಕರ್ ಇದೆ. ಗೋಡೆಗೆ ಟೆರೇನ್ ಆ್ಯಂಕರ್ ಬಳಸಿ, ಹಿಂದೆ ತಿರುಗಿ ನೋಡಬೇಡಿ.

ಹಂತ 6: ಆ್ಯಂಕರ್ ಹಾಕಿ, ಆದರೆ ಅವಸರ ಬೇಡ

ಸೆಷನ್‌ನಲ್ಲಿ ಜಿಯೋಸ್ಪೇಷಿಯಲ್ ಮೋಡ್ ಆನ್ ಮಾಡಿದ ಮೇಲೆ 'ಅರ್ಥ್' ಎಂಬ ವಸ್ತು ಸಿಗುತ್ತದೆ. ಅದು ಟ್ರ್ಯಾಕ್ ಆಗತೊಡಗಿದ ತಕ್ಷಣ ಗೋಡೆ ತೋರಿಸುವ ಆಸೆ ಆಗುತ್ತದೆ. ತಡೆದುಕೊಳ್ಳಿ. ಆ ಹೊತ್ತಿಗೆ ಸಿಕ್ಕಿರುವುದು ಜಿಪಿಎಸ್ ಅಂದಾಜು ಮಾತ್ರ ಇರಬಹುದು. ಪ್ರತಿ ಫ್ರೇಮಿನಲ್ಲೂ ಎರಡು ಅಂಕಿ ಓದಿ: ಅಡ್ಡ ನಿಖರತೆ ಮೀಟರ್‌ಗಳಲ್ಲಿ, ದಿಕ್ಕಿನ ನಿಖರತೆ ಡಿಗ್ರಿಗಳಲ್ಲಿ. ಅಡ್ಡ ನಿಖರತೆ 15 ಎಂದರೆ ನಿಜವಾದ ಜಾಗ 15 ಮೀಟರ್ ಒಳಗಿರುವ ಸಾಧ್ಯತೆ ಶೇ. 68. ಮೂರರಲ್ಲಿ ಒಂದು ಬಾರಿ ಹೊರಗೂ ಇರಬಹುದು.

ಗೂಗಲ್‌ನ ಆಂಡ್ರಾಯ್ಡ್ ಮಾದರಿ ಆ್ಯಪ್ 10 ಮೀಟರ್, 15 ಡಿಗ್ರಿ ಒಳಗೆ ಬಂದರೆ ಸಾಕು ಎನ್ನುತ್ತದೆ. ಕೋಟೆ ಗೋಡೆಗೆ ಅದು ಸಡಿಲವಾಯಿತು. 3 ಮೀಟರ್, 5 ಡಿಗ್ರಿ ಇಟ್ಟುಕೊಂಡು ಜಾಗದಲ್ಲಿ ಪರೀಕ್ಷಿಸಿ, ಬೇಕಾದರೆ ಸಡಿಲಿಸಿ. ಒಮ್ಮೆ ಒಳಗೆ ಬಂದ ಮೇಲೆ ಸ್ವಲ್ಪ ಹೊರಗೆ ಹೋದ ತಕ್ಷಣ ಗೋಡೆ ಮಾಯ ಮಾಡಬೇಡಿ. ಮಾಡಿದರೆ ಗೋಡೆ ಮಿಣುಕುತ್ತಾ ಇರುತ್ತದೆ.

ಕಾಯುವ ಹೊತ್ತಿನಲ್ಲಿ ಪರದೆ ಮೇಲೆ ಏನು ಬರೆಯುತ್ತೀರಿ ಎಂಬುದು ಮುಖ್ಯ. 'ಲೋಡ್ ಆಗುತ್ತಿದೆ' ಎಂದರೆ ಜನ ಫೋನ್ ನೆಲಕ್ಕೆ ಹಿಡಿದು ನಿಲ್ಲುತ್ತಾರೆ. ವಿಪಿಎಸ್‌ಗೆ ನೆಲ, ಮರ, ಜನಜಂಗುಳಿಯಿಂದ ಉಪಯೋಗವಿಲ್ಲ, ಕಟ್ಟಡದ ಮುಖ ಬೇಕು. 'ಫೋನ್ ಎತ್ತಿ ಎದುರು ಸಾಲಿನ ಕಟ್ಟಡಗಳ ಕಡೆ ನಿಧಾನವಾಗಿ ತಿರುಗಿಸಿ' ಎಂದು ಬರೆಯಿರಿ. ಕೆ.ಆರ್. ಮಾರ್ಕೆಟ್ ಸುತ್ತ ಹಬ್ಬದ ಹಿಂದಿನ ದಿನ ಕಟ್ಟಡ ಕಾಣುವುದೇ ಕಷ್ಟ, ಅದು ಬೇರೆ ಮಾತು.

ದಿಕ್ಕು ಕೊಡುವಾಗ ಅಕ್ಷಗಳನ್ನು ನೋಡಿಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ಎಕ್ಸ್ ಪೂರ್ವಕ್ಕೆ, ವೈ ಮೇಲಕ್ಕೆ, ಝಡ್ ದಕ್ಷಿಣಕ್ಕೆ. ಯೂನಿಟಿಯಲ್ಲಿ ಝಡ್ ಉತ್ತರಕ್ಕೆ. ಒಂದರಿಂದ ಇನ್ನೊಂದಕ್ಕೆ ಕೋಡ್ ತಂದಾಗ ಗೋಡೆ ಹಿಂದುಮುಂದಾದರೆ ಕಾರಣ ಬಹುತೇಕ ಇದೇ.

ಗೋಡೆ ಇಡೀ ಒಂದೇ ಮಾದರಿಯಾಗಿ ಇರಬಾರದು. 20-30 ಮೀಟರ್‌ಗಳ ತುಂಡು ಮಾಡಿ, ಒಂದೊಂದಕ್ಕೂ ಅದರದೇ ಆ್ಯಂಕರ್ ಕೊಡಿ. ಉದ್ದ ಮಾದರಿಗೆ ಒಂದೇ ಆ್ಯಂಕರ್ ಕೊಟ್ಟರೆ ದಿಕ್ಕಿನ ಸಣ್ಣ ತಪ್ಪು ಆ ತುದಿಯಲ್ಲಿ ದೊಡ್ಡದಾಗುತ್ತದೆ. ಹಂತ 1ರ ಲೆಕ್ಕ ಇಲ್ಲೂ ಅದೇ.

ಗೋಡೆಯ ಮುಂದಿರುವ ಅಂಗಡಿ ಗೋಡೆಯನ್ನು ಮರೆ ಮಾಡಬೇಕು, ಇಲ್ಲದಿದ್ದರೆ ಸ್ಟಿಕ್ಕರ್ ಅಂಟಿಸಿದ ಹಾಗೆ ಕಾಣುತ್ತದೆ. 2023ರಲ್ಲಿ ಬಂದ ಸ್ಟ್ರೀಟ್‌ಸ್ಕೇಪ್ ಜಿಯಾಮಿಟ್ರಿ ಸುತ್ತಲ 100 ಮೀಟರ್‌ವರೆಗಿನ ಕಟ್ಟಡಗಳ ಒರಟು ಆಕಾರ ಕೊಡುತ್ತದೆ. ಅದನ್ನು ಡೆಪ್ತ್ (ಎದುರಿನ ವಸ್ತು ಎಷ್ಟು ದೂರ ಎಂಬ ಫೋನಿನ ಅಂದಾಜು) ಜೊತೆ ಸೇರಿಸಿದರೆ ಸುಮಾರು 65 ಮೀಟರ್‌ವರೆಗೆ ಮರೆ ಕೆಲಸ ಮಾಡುತ್ತದೆ. ಎಲ್ಲ ಊರಿನ ಎಲ್ಲ ಬೀದಿಗೂ ಈ ಆಕಾರ ಸಿಗುವುದಿಲ್ಲ. ಸಿಗದಿದ್ದರೆ ಗೋಡೆಯನ್ನು ಅರೆಪಾರದರ್ಶಕ ಮಾಡಿ. ಹಳೆಯದು ಇಲ್ಲಿ ಇತ್ತು, ಈಗಿಲ್ಲ ಎಂಬ ಭಾವವೂ ಬರುತ್ತದೆ, ಒಂದು ಮೀಟರ್ ತಪ್ಪೂ ಕಣ್ಣಿಗೆ ಬೀಳುವುದಿಲ್ಲ.

ಹಂತ 7: ವಿಪಿಎಸ್ ಇಲ್ಲದ ಕಡೆಗೆ

ಹೆಬ್ಬಾಗಿಲಿನ ಒಳಗಿನ ಅಂಗಳಕ್ಕೆ ಬೀದಿಯ ಚಿತ್ರ ಸಿಗುವುದಿಲ್ಲ. ಅಲ್ಲಿಗೆ ಕ್ಲೌಡ್ ಆ್ಯಂಕರ್ ಬಳಸಿ. ನೀವು ಒಮ್ಮೆ ಹೋಗಿ ಆ ಜಾಗದ ಸುತ್ತ ನಡೆದು ಫೋನಿನಲ್ಲಿ ಸೆರೆಹಿಡಿದರೆ, ಆಮೇಲೆ ಬಂದವರ ಫೋನ್ ಅದನ್ನು ಗುರುತಿಸುತ್ತದೆ. ಕಲ್ಲಿನ ಕೆತ್ತನೆ ಇರುವ ಗೋಡೆ ಇದಕ್ಕೆ ತುಂಬ ಒಳ್ಳೆಯದು, ಸುಣ್ಣ ಬಳಿದ ಬೋಳು ಗೋಡೆ ಕೆಟ್ಟದ್ದು. ಎಪಿಐ ಕೀ ಬಳಸಿದರೆ ಆ್ಯಂಕರ್ ಒಂದೇ ದಿನ ಉಳಿಯುತ್ತದೆ. ಕೀ ಇಲ್ಲದ ವಿಧಾನದಲ್ಲಿ 365 ದಿನ, ಆಮೇಲೆ ಮ್ಯಾನೇಜ್‌ಮೆಂಟ್ ಎಪಿಐಯಿಂದ ಮುಂದುವರಿಸಬಹುದು. ಆ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಹಾಕಿಡಿ.

ಇನ್ನೊಂದು ಅಗ್ಗದ ಉಪಾಯ ಚಿತ್ರ ಗುರುತು. ಒಂದು ಮಾಹಿತಿ ಫಲಕದ ಚಿತ್ರವನ್ನು ಆ್ಯಪ್‌ಗೆ ಕೊಟ್ಟು, ಫಲಕದ ಜಾಗ ಮತ್ತು ದಿಕ್ಕು ನಿಮ್ಮ ಫೈಲಿನಲ್ಲಿ ಬರೆದಿಟ್ಟರೆ, ಫಲಕ ಕಂಡ ತಕ್ಷಣ ಎಲ್ಲವೂ ಜಾಗಕ್ಕೆ ಕೂರುತ್ತದೆ. ಯಾರ ಸರ್ವರೂ ಬೇಡ. ಆದರೆ ಈ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿದೆ. ಅಲ್ಲಿ ಫಲಕ ಹಾಕುವುದಾಗಲಿ, ಟ್ರೈಪಾಡ್ ನಿಲ್ಲಿಸಿ ಸ್ಕ್ಯಾನ್ ಮಾಡುವುದಾಗಲಿ ಅನುಮತಿ ಇಲ್ಲದೆ ಮಾಡುವಂತಿಲ್ಲ.

ಹಂತ 8: ಬೀದಿಯಲ್ಲಿ ಪರೀಕ್ಷೆ

ಬೆಳಗ್ಗೆ, ಮಟಮಟ ಮಧ್ಯಾಹ್ನ, ಸಂಜೆ ಬೇರೆ ಬೇರೆಯಾಗಿ ಹೋಗಿ. ಮಧ್ಯಾಹ್ನ ಪರದೆ ಕಾಣುವುದಿಲ್ಲ, ಫೋನ್ ಬಿಸಿಯಾಗಿ ನಿಧಾನವಾಗುತ್ತದೆ. ಕತ್ತಲಾದರೆ ವಿಪಿಎಸ್ ಸೋಲಬಹುದು. ಹೊಸ ದುಬಾರಿ ಫೋನ್ ಒಂದರಲ್ಲೇ ನೋಡಬೇಡಿ, ಎಆರ್‌ಕೋರ್ ಪಟ್ಟಿಯಲ್ಲಿರುವ ಒಂದು ಸಾಧಾರಣ ಫೋನನ್ನೂ ಒಯ್ಯಿರಿ. ಪ್ರತಿ ಸಲ ಸಿಕ್ಕ ಎರಡು ನಿಖರತೆ ಅಂಕಿಗಳನ್ನು ಸ್ಥಳದ ಜೊತೆ ದಾಖಲಿಸಿ. ಹಂತ 3ರ ಹಸಿರು ಕೆಂಪು ನಕ್ಷೆಯ ಪಕ್ಕ ಇಟ್ಟರೆ ಎಪಿಐ ಹೇಳಿದ್ದಕ್ಕೂ ನೆಲದ ನಿಜಕ್ಕೂ ಇರುವ ಅಂತರ ತಿಳಿಯುತ್ತದೆ.

ನೋಡುವ ಜಾಗಗಳನ್ನು ಫುಟ್‌ಪಾತ್ ಮೇಲೆಯೇ ಇಡಿ. ಜನ ಪರದೆ ನೋಡುತ್ತಾ ಹಿಂದಕ್ಕೆ ಹೆಜ್ಜೆ ಹಾಕುತ್ತಾರೆ, ಹಿಂದೆ ರಸ್ತೆ ಇರಬಾರದು. ನಡೆಯುವಾಗ ಎಆರ್ ನಿಲ್ಲಿಸಿ ಬರೀ ನಕ್ಷೆ ತೋರಿಸುವುದು ಒಳ್ಳೆಯದು. ಬ್ಯಾಟರಿಯೂ ಉಳಿಯುತ್ತದೆ.

ಹಂತ 9: ಸ್ಟೋರ್‌ಗೆ ಹಾಕುವಾಗ

ಆ್ಯಪ್ ಎಆರ್‌ಕೋರ್ ಬಳಸುತ್ತದೆ ಎಂದು ಬಳಕೆದಾರರಿಗೆ ಹೇಳುವುದು ಕಡ್ಡಾಯ. ಜಿಯೋಸ್ಪೇಷಿಯಲ್ ಶುರುವಾಗುವ ಮುಂಚೆ, ಕ್ಯಾಮೆರಾ ದೃಶ್ಯದ ಡೇಟಾವನ್ನು ಗೂಗಲ್ ಸಂಸ್ಕರಿಸುತ್ತದೆ ಎಂಬ ಸೂಚನೆಯನ್ನೂ ತೋರಿಸಬೇಕು. ಇದನ್ನು ಚಿಕ್ಕ ಅಕ್ಷರದಲ್ಲಿ ಅಡಗಿಸಬೇಡಿ, ಸರಳ ಕನ್ನಡದಲ್ಲಿ ಹಾಕಿ. ನೀವೇ ಬಳಕೆದಾರರ ಸ್ಥಳ ಉಳಿಸಿಕೊಳ್ಳುತ್ತಿದ್ದರೆ 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ ನಿಮಗೂ ಅನ್ವಯಿಸುತ್ತದೆ. ಕೋಟೆ ಗೋಡೆ ತೋರಿಸಲು ಯಾರು ಎಲ್ಲಿ ನಿಂತಿದ್ದರು ಎಂದು ಉಳಿಸುವ ಅಗತ್ಯ ಏನಿದೆ? ಉಳಿಸದೆ ಬಿಡಿ.

ಪ್ಲೇ ಸ್ಟೋರ್ ಖಾತೆಗೆ ಒಮ್ಮೆ 25 ಡಾಲರ್, ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್. 2023ರ ನವೆಂಬರ್ 13ರ ನಂತರ ಮಾಡಿದ ವೈಯಕ್ತಿಕ ಪ್ಲೇ ಖಾತೆಯಾದರೆ, ಎಲ್ಲರಿಗೂ ಬಿಡುಗಡೆ ಮಾಡುವ ಮುಂಚೆ ಕನಿಷ್ಠ 12 ಪರೀಕ್ಷಕರು 14 ದಿನ ಸತತವಾಗಿ ಮುಚ್ಚಿದ ಪರೀಕ್ಷೆಯಲ್ಲಿ ಇರಬೇಕು. ರಾಜ್ಯೋತ್ಸವಕ್ಕೆ ಬಿಡುಗಡೆ ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದರೆ ಈ 14 ದಿನವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಆ ಪರೀಕ್ಷಕರಲ್ಲಿ ಕೆಲವರಾದರೂ ಮಾರ್ಕೆಟ್ ಸುತ್ತಮುತ್ತ ದಿನಾ ಓಡಾಡುವವರಾಗಿರಲಿ.